ಸಾವಿರ ನೋಟಕ್ಕೆ

ಸಾವಿರ ನೋಟಕ್ಕೆ ಹನ್ನೊಂದು ರೂಪಾಯಿ,
ಪುರೋಹಿತರ ದಕ್ಷಿಣೆಯಷ್ಟು.
ನೋಟಕ್ಕೂ ನೋಟಿಗೂ ನಡುವೆ
ಒಂದು ಕೊಂಬಿನ ಅಂತರ.
ಆ ಕೊಂಬು ಹಚ್ಚುವ ಕೆಲಸ ನನ್ನದು,
ಡೊಂಬಿವಲಿಯ ಎರಡನೇ ಮಾಳಿಗೆಯಲ್ಲಿ,
ಅಡುಗೆಮನೆಗೂ ಬಚ್ಚಲಿಗೂ ನಡುವಿನ ಮೇಜಿನಲ್ಲಿ.

ಲೋಕಲ್ ಗಾಡಿಗಳ ವೇಳೆ ಹೇಳುತ್ತೇನೆ.
ಕರ್ಜತ್ ಫಾಸ್ಟ್ ಎಷ್ಟಕ್ಕೆ, ಕಸಾರಾ ತಡವೇ,
ಭಾನುವಾರದ ಮೆಗಾಬ್ಲಾಕು ಯಾವ ಹಳಿಗೆ,
ಕೇಳಿದವರಿಗೆಲ್ಲ ಪುಕ್ಕಟೆ.
ಬದಿಯಲ್ಲಿ ಒಂದಿಷ್ಟು ಜಾಗ ಬಿಟ್ಟಿದ್ದೇನೆ,
ಅಗಲ ಮುನ್ನೂರು ಚುಕ್ಕಿ, ಎತ್ತರ ಇನ್ನೂರೈವತ್ತು.
ಅಲ್ಲಿ ಯಾರ್ಯಾರೋ ಬಂದು ಕೂರುತ್ತಾರೆ:
ಮೊಣಕಾಲಿನ ಎಣ್ಣೆ, ಪನ್ವೇಲಿನಾಚೆಯ ಫ್ಲ್ಯಾಟು,
ಕೂದಲು ಬೆಳೆಸುವ ಡಾಕ್ಟರು.
ಯಾರ ಮುಂದೆ ಯಾರನ್ನು ಕೂರಿಸಬೇಕೆಂದು
ನಾನು ಹೇಳುವುದಿಲ್ಲ,
ನನ್ನನ್ನು ಕೇಳುವುದೂ ಇಲ್ಲ.

ಕಲ್ಯಾಣದಲ್ಲಿ ದೊಡ್ಡಪ್ಪನ ಹೋಟೆಲಿಗೊಂದು ಗೋಡೆಯಿತ್ತು,
ಹಳಿಗೆ ಮುಖಮಾಡಿ. ಬಟ್ಟೆಸೋಪಿನವರು
ವರ್ಷಕ್ಕೆ ನೂರಿಪ್ಪತ್ತು ಕೊಟ್ಟು ಬರೆಸಿದ್ದರು
ಆಳೆತ್ತರದ ನೀಲಿ ಅಕ್ಷರ.
'ಸುಣ್ಣದ ಖರ್ಚು ಉಳಿಯಿತಲ್ಲ, ಅದೇ ಲಾಭ'
ಎನ್ನುತ್ತಿದ್ದ ದೊಡ್ಡಪ್ಪ.
ಯಾರು ನೋಡಿದರು, ಎಷ್ಟು ಹೊತ್ತು,
ನೋಡಿ ಸೋಪು ಕೊಂಡರೋ ಮುಖ ತಿರುಗಿಸಿದರೋ,
ಆ ಗೋಡೆ ಒಂದನ್ನೂ ಬರೆದಿಟ್ಟುಕೊಳ್ಳಲಿಲ್ಲ.
ಗೋಡೆಗೆ ಕಿವಿ ಎನ್ನುತ್ತಿದ್ದರು ಆಗ.
ನನ್ನ ಗೋಡೆಗೆ ಕಣ್ಣು.

ಅಮ್ಮನಿಗೆ ಅದು ಅರ್ಥವಾದ ಬಗೆಯೇ ಬೇರೆ.
'ದಿನಕ್ಕೆ ಎಷ್ಟು ಜನ ನೋಡ್ತಾರೆ?'
'ಎರಡು ಲಕ್ಷ ಸಲ, ಅಮ್ಮ.'
'ಅಷ್ಟು ಕಣ್ಣು ಬಿದ್ದರೆ ಏನಾದರೂ ಉಳಿದೀತಾ, ಮಗಾ?'
ಶನಿವಾರ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ
ಕಂಪ್ಯೂಟರಿನ ಮೂಲೆಗೆ ಕಟ್ಟುತ್ತಾಳೆ,
ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಾಳೆ.
ಚಟಪಟ ಅಂದಷ್ಟೂ ದೃಷ್ಟಿಯಂತೆ.
ನಗುತ್ತೇನೆ. ಬಿಚ್ಚುವುದಿಲ್ಲ.

ಮಾರ್ಚಿನ ಒಂದು ಮಂಗಳವಾರ, ಏಳಕ್ಕೆ ಹತ್ತು ನಿಮಿಷ,
ಮುಂಬ್ರಾ ದಾಟಿ ದಿವಾ ಮುಟ್ಟುವ ಮೊದಲು
ಮೇಲಿನ ತಂತಿ ಹರಿದುಬಿತ್ತು.
ಗಾಡಿಯ ಹಿಂದೆ ಗಾಡಿ ನಿಂತಿತು.
ನನ್ನ ಮೀಟರು ಏರತೊಡಗಿತು.
ಒಬ್ಬೊಬ್ಬರೂ ತೆರೆದು, ಮುಚ್ಚಿ, ಮತ್ತೆ ತೆರೆದು,
ಹೊರಟಿತೇ, ಇನ್ನೆಷ್ಟು ಹೊತ್ತು, ಹೊರಟಿತೇ.
ಊರು ನಿಂತಾಗ ನನ್ನ ಗಾಡಿ ಓಡುತ್ತದೆ,
ಇದನ್ನು ಯಾರಿಗೂ ಹೇಳಿರಲಿಲ್ಲ.
ಒಂಬತ್ತಕ್ಕೆ ಲೆಕ್ಕ ನೋಡಿದೆ:
ನಾಲ್ಕು ದಿನದ ದುಡಿಮೆ ಎರಡು ತಾಸಿನಲ್ಲಿ.
ಫ್ರಿಜ್ಜಿನ ಕೊನೆಯ ಕಂತು ಕಟ್ಟಬಹುದು ಅಂದುಕೊಂಡೆ.
ಆಮೇಲೆ ನೆನಪಾಯಿತು,
ವಾರಿಜಾ ಇನ್ನೂ ಬಂದಿಲ್ಲ.

ಹತ್ತೂವರೆಗೆ ಬಂದಳು, ಜಲ್ಲಿಕಲ್ಲಿನ ಮೇಲೆ ನಡೆದು,
ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು.
ಘಾಟ್ಕೋಪರಿನ ಲ್ಯಾಬಿನಲ್ಲಿ ದಿನವಿಡೀ
ಕಂಡವರ ರಕ್ತದ ಕಣ ಎಣಿಸಿದವಳು
ಎರಡು ಲೋಟ ನೀರು ಕುಡಿದು ಹೇಳಿದಳು:
'ನಿಮ್ಮದನ್ನೇ ನೋಡಿದೆ. ಹದಿನಾಲ್ಕು ಸಲ.
ಗಾಡಿ ಎಲ್ಲಿದೆ ಅನ್ನುವ ಸಾಲಿನ ಮೇಲೇ
ಒಂದು ಮಿಕ್ಸರು ಬಂದು ಕೂತಿತ್ತು.
ಮುಚ್ಚೋಣವೆಂದರೆ ಅದರ ಗುಣಾಕಾರದ ಗುರುತು
ಎಳ್ಳಿನಷ್ಟು. ಬೆವರಿದ ಬೆರಳಿಗೆ ಸಿಗಲಿಲ್ಲ.
ಪಕ್ಕದಲ್ಲೊಬ್ಬಳು ಬಸುರಿ,
ನನ್ನ ಫೋನನ್ನೇ ನೋಡುತ್ತಿದ್ದಳು.
ಅವಳಿಗೇನು ಹೇಳಲಿ,
ಮಿಕ್ಸರಿಗೆ ಎರಡು ವರ್ಷ ಗ್ಯಾರಂಟಿ ಅಂತಲೇ?'

ಹದಿನಾಲ್ಕು ನೋಟ.
ಲೆಕ್ಕ ಹಾಕಬಾರದಿತ್ತು. ಹಾಕಿದೆ:
ಹದಿನೈದು ಪೈಸೆ, ಮೇಲೊಂದು ಚೂರು.

ಅಮ್ಮ ಎದ್ದು ಬಂದು ಮುಷ್ಟಿ ಉಪ್ಪು ಹಿಡಿದಳು.
ಕಂಪ್ಯೂಟರಿನ ಕಡೆ ಹೋಗಲಿಲ್ಲ,
ವಾರಿಜಾಳನ್ನು ಬಾಗಿಲಿಗೆ ಮುಖಮಾಡಿ ನಿಲ್ಲಿಸಿ
ಮೂರು ಸುತ್ತು ನಿವಾಳಿಸಿದಳು.
ಒಲೆ ಬಹಳ ಹೊತ್ತು ಸಿಡಿಯಿತು.

ರಾತ್ರಿ ಕೂತು ಆ ಜಾಗವನ್ನು
ಎರಡು ಬೆರಳು ಕೆಳಗೆ ಸರಿಸಿದೆ.
ತೆಗೆದೆನೆಂದು ಬರೆದರೆ ಸುಳ್ಳಾಗುತ್ತದೆ.
ಬೆಳಗ್ಗೆ ಐದು ಇಪ್ಪತ್ತರ ಗಾಡಿ
ಐದು ಇಪ್ಪತ್ತಕ್ಕೇ ಹೊರಟಿತು.
ಯಾರೂ ನನ್ನನ್ನು ನೋಡಲಿಲ್ಲ.