ನಡಾವಳಿ ಪುಸ್ತಕ

ಹಗಲು ನಾನು ಟೈಮ್‌ಕೀಪರ್.
ಮನಾಮದ ಹೊರವಲಯ, ಸಾರುವೆ ಕಟ್ಟುವ ಕಂಪನಿ;
ಬಂದವನ ಹೆಸರಿನ ಮುಂದೆ ಒಂದು ಸರಿ,
ಬಾರದವನ ಮುಂದೆ ಅಡ್ಡಾದಿಡ್ಡಿ ಎರಡು ಗೀಟು.
ಅಲ್ಲಿ ಮಾತು ಒಂದೇ. ಫೋರ್‌ಮನ್ ಬೆರಳು ಮಡಚಿದರೆ
ನಲವತ್ತು ಜನ ಏಣಿ ಹತ್ತುತ್ತಾರೆ.

ತಿಂಗಳಿಗೊಮ್ಮೆ, ರಾತ್ರಿ, ಸಭಾಕಮಿಟಿಯ ಕಾರ್ಯದರ್ಶಿ.
ಚರ್ಚಿನ ಹಿಂದಣ ಕೋಣೆ, ಉದ್ದ ಮೇಜು,
ಗೊರಗುಟ್ಟುವ ಎ.ಸಿ., ಅದರ ಕೆಳಗೊಂದು ಬಕೆಟ್ಟು,
ಖರ್ಜೂರದ ತಟ್ಟೆ, ಹನ್ನೊಂದು ಕುರ್ಚಿ.
ಇಲ್ಲಿ ಯಾರೂ ಬೆರಳು ಮಡಚುವುದಿಲ್ಲ.

ಬಿಷಪ್ ಹಾಲ್ಡೇನ್ ವಿಮಾನ ಇಳಿದು ಸೀದಾ ಬಂದಿದ್ದಾರೆ,
ನೇರಳೆ ಅಂಗಿಯ ಕಂಕುಳಲ್ಲಿ ಬೆವರಿನ ನಕಾಶೆ.
ನಾನು ಎಣಿಸಿದ್ದೆ: ಕುರುಬನಲ್ಲವೆ,
ಕೋಲೆತ್ತಿದರೆ ಮುಗಿಯಿತು ಕೆಲಸ.
ಕೋಲು ಬಾಗಿಲ ಹಿಂದೆ, ಯಾರದೋ ಕೊಡೆಯ ಪಕ್ಕ ಒರಗಿದೆ.
ಕೈಯಲ್ಲಿರುವುದು ನನ್ನ ಕಾರ್ಯಸೂಚಿ,
ನನ್ನದೇ ಸ್ಪೆಲಿಂಗ್ ತಪ್ಪುಗಳ ಸಮೇತ.

"ತಾವು ಏನಂತೀರಿ?" ಇಷ್ಟೇ ಅವರ ಅಧಿಕಾರ.
ಮಿಸೆಸ್ ಒಕೊರೊ ಬಜೆಟ್ ಅನ್ನುತ್ತಾರೆ,
ತಮಿಳು ಸಭೆಯ ತಂಗದುರೈ ಪಾರ್ಕಿಂಗ್ ಅನ್ನುತ್ತಾರೆ,
ಆರ್ಚ್‌ಡೀಕನ್ ಕನ್ನಡಕ ಒರೆಸುತ್ತ
ನಿಯಮ ಇಪ್ಪತ್ತಮೂರು, ಬಿ ಅನ್ನುತ್ತಾರೆ.
ಮೂವರೇ ಇದ್ದದ್ದಕ್ಕೆ ಆರು ದಿನದಲ್ಲಿ ಮುಗಿಯಿತು ಸೃಷ್ಟಿ;
ಕೋರಂ ಐದು ಎಂದಿದ್ದರೆ
ಇನ್ನೂ ನೀರಿನ ಮೇಲೆ ಕತ್ತಲೇ ಇರುತ್ತಿತ್ತು.

ಕಲಂ ಒಂದು: ಪ್ರಾರ್ಥನೆ.
ಕಲಂ ಎರಡು: ಗೈರುಹಾಜರಾದವರ ಕ್ಷಮಾಪಣೆ.
ಕಲಂ ಏಳು: ಕನ್ನಡ ಆರಾಧನೆಯ ಹೊತ್ತು.

ಅರ್ಜಿ ನಾನೇ ಬರೆದದ್ದು, ಹದಿನಾಲ್ಕು ಸಹಿ.
ಗುಳೇದಗುಡ್ಡದ ದಾನಿಯೇಲಪ್ಪ ಮಗ್ಗದ
ಎದುರು ನಿಂತು ಹೇಳಿ ಬರೆಸಿದ್ದು:
"ಬಸ್ಸು ಕ್ಯಾಂಪಿಗೆ ಬರೂದ ಎಂಟೂವರಿಗ್ರಿ.
ಜಳಕಾ ಮಾಡಿ ಬರೂದ್ರಾಗ
ನೀವು ಆಶೀರ್ವಾದ ಹೇಳಿ ಲೈಟ್ ಆರಿಸಿರತೀರಿ.
ಒಂಬತ್ತರ ಮ್ಯಾಲ ಇಟ್ಟರ ನಮಗೂ ಒಂದ ತುತ್ತು ಸಿಗತೈತಿ."

ಆ ತುತ್ತನ್ನು ಇಂಗ್ಲಿಷಿಗೆ ದಾಟಿಸಲಾಗದೆ
ಸೌಲಭ್ಯ ಎಂದು ಬರೆದೆ.
ಅದು ನನ್ನ ಪಾಪ, ಯಾವ ಕಲಮಿಗೂ ಸೇರಿಲ್ಲ.

ಫೆಬ್ರವರಿ: ಉಪಸಮಿತಿಗೆ ಒಪ್ಪಿಸಲಾಯಿತು.
ಮೇ: ಉಪಸಮಿತಿಗೆ ಸಂಚಾಲಕರಿಲ್ಲವೆಂದು ಗಮನಿಸಲಾಯಿತು.
ಸೆಪ್ಟೆಂಬರ್: ಗಮನಿಸಿದ್ದನ್ನು ದೃಢೀಕರಿಸಲಾಯಿತು.
ಕರ್ಮಣಿ ಪ್ರಯೋಗದಷ್ಟು ಪವಿತ್ರವಾದದ್ದು
ನಮ್ಮಲ್ಲಿ ಬೇರೇನಿಲ್ಲ:
ಎಲ್ಲವೂ ಆಗುತ್ತದೆ, ಯಾರೂ ಮಾಡುವುದಿಲ್ಲ.

ನಗಬೇಡಿ.
ಹಗಲಿಡೀ ಒಂದೇ ಬಾಯಿಯ ಅಪ್ಪಣೆಗೆ ದುಡಿದವನಿಗೆ
ಕೇಳುವ ಮೇಜೊಂದು ಇದೆಯೆಂಬುದೇ ತಂಪು.
ಈ ಬಿಷಪ್ಪರು ಸೋತದ್ದನ್ನು ಕಂಡಿದ್ದೇನೆ,
ಗೇಟಿನ ಬಣ್ಣದ ವಿಷಯ, ಆರಕ್ಕೆ ಐದು;
ಸೋತು, ಒಂದು ಖರ್ಜೂರ ತಿಂದು,
ಬೀಜವನ್ನು ಟಿಶ್ಯೂವಿನಲ್ಲಿ ಮಡಚಿ "ಆಗಲಿ" ಅಂದದ್ದನ್ನು.
ನಮ್ಮ ಫೋರ್‌ಮನ್ ಎಂದಾದರೂ ಸೋತದ್ದುಂಟೆ?

ಇವತ್ತು ಕಲಂ ಏಳು ಪಾಸಾಯಿತು.
ಚರ್ಚೆ ಮೂರು ನಿಮಿಷ. ಒಂಬತ್ತೂಕಾಲು. ಸರ್ವಾನುಮತ.
ಬಿಷಪ್ ನನ್ನ ಕಡೆ ನೋಡಿ ನಕ್ಕರು:
"ನಿಮ್ಮವರಿಗೆ ತಿಳಿಸಿ, ಮಿಸ್ಟರ್ ಜತ್ತನ್ನ."

ನನ್ನವರು.
ಒಂಬತ್ತು ಜನರ ವೀಸಾ ಜೂನಿಗೆ ಮುಗಿಯಿತು,
ಇಬ್ಬರು ಸೇತುವೆ ದಾಟಿ ದಮ್ಮಾಮಿನ ಸೈಟಿಗೆ.
ದಾನಿಯೇಲಪ್ಪನ ಮುಂದೆ ಆಗಸ್ಟಿನಲ್ಲಿ
ಅಡ್ಡಗೀಟು ಎಳೆದವನು ನಾನೇ, ಮೂರು ದಿನ;
ನಾಲ್ಕನೆಯ ದಿನ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ.

ಬಿಷಪ್ ಸಹಿ ಮಾಡಿದರು.
ಅವರ ಪದ್ಧತಿ, ಹೆಸರಿನ ಮುಂದೆ ಪುಟ್ಟದೊಂದು ಶಿಲುಬೆ,
ಕೂಡುವ ಲೆಕ್ಕದ ಗುರುತಿನ ಹಾಗೆ.
ಎಲ್ಲರೂ ಎದ್ದು ಹೋದ ಮೇಲೆ
ಪುಸ್ತಕವನ್ನು ನನ್ನೆಡೆಗೆ ಎಳೆದುಕೊಂಡೆ,
ಎಳೆಯುವಾಗ ಅದು ಸ್ವಲ್ಪ ವಾಲಿತು.
ವಾಲಿದರೆ ಅದು ನನ್ನ ಹಗಲಿನ ಗೀಟೇ,
ಬಾರದವನ ಗುರುತೇ.

ಕಲಂ ಎರಡಕ್ಕೆ ಹಿಂತಿರುಗಿ
ಹನ್ನೆರಡು ಹೆಸರು ಬರೆದೆ.
ಕ್ಷಮೆ ಯಾರು ಯಾರಿಗೆ ಕೇಳಿದ್ದೆಂದು
ಯಾವ ನಿಯಮದಲ್ಲೂ ಇಲ್ಲ, ನಾನೂ ಬರೆಯಲಿಲ್ಲ.

ಮುಂದಿನ ವಾರ ಒಂಬತ್ತೂಕಾಲಕ್ಕೆ
ಇಬ್ಬರು ಬಂದರು, ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.
ಕೈ ಕಿಸೆಯ ಪೆನ್ಸಿಲ್ಲಿಗೆ ಹೋಯಿತು.