ಎಂಟರಲ್ಲೊಂದು ಪಾಲು

ಲಾಂಗ್ಟನ್ನಿನ ಶಾಲೆಯಲ್ಲಿ ಬ್ಲೂರ್ ಮೇಷ್ಟ್ರು
ಹಿತ್ತಾಳೆಯ ಗುಂಡನ್ನು ಉರಿಗೆ ಹಿಡಿದರು.
ಆಗಷ್ಟೇ ಬಳೆಯೊಳಗೆ ಸಲೀಸಾಗಿ ತೂರಿದ್ದು
ಈಗ ಅರ್ಧಕ್ಕೇ ಸಿಕ್ಕಿ ಕೂತಿತು.
‘ಕಾದದ್ದೆಲ್ಲ ಹಿಗ್ಗುತ್ತದೆ. ಬರೆದುಕೊಳ್ಳಿ.’

ಹೆಟ್ಟಿ ಬರೆದುಕೊಳ್ಳಲಿಲ್ಲ. ಎದ್ದು ನಿಂತಳು:
‘ನಮ್ಮ ಗೂಡಲ್ಲಿ ಕುಗ್ಗುತ್ತೆ, ಸಾರ್.’
ಕಿವಿ ಹಿಂಡಿಸಿಕೊಂಡಳು, ಅದು ಬೇರೆ ಮಾತು.

ಅವಳಪ್ಪ ಈನಕ್ ಶೆರಟ್, ಪಿಂಗಾಣಿ ಗೂಡಿನ ಬೆಂಕಿಯಾಳು.
ಸೀಸೆಯಾಕಾರದ ಆ ಇಟ್ಟಿಗೆ ಗೋಪುರದ ಬುಡದಲ್ಲಿ
ಎರಡು ಹಗಲು, ಮೂರು ರಾತ್ರಿ
ಎಂಟು ಬಾಯಿಗೂ ಸರದಿಯಲ್ಲಿ ಕಲ್ಲಿದ್ದಲು ಉಣಿಸಿ
ಮನೆಗೆ ಬಂದರೆ ಬೂಟು ಬಿಚ್ಚುವ ಮೊದಲೇ ನಿದ್ದೆ.
ಅಮ್ಮನೂ ಕಾದಳು, ಅಷ್ಟೂ ರಾತ್ರಿ;
ಹಿಗ್ಗಿದ್ದನ್ನು ಹೆಟ್ಟಿ ಕಂಡಿಲ್ಲ.

ಅಪ್ಪ ಆಡಿದರೆ ಮಣ್ಣಿನದೇ ಮಾತು:
ಮೊದಲು ಹೋಗೋದು ಮಣ್ಣು ಕುಡಿದ ನೀರು,
ಬಟ್ಟೆ ಒಣಗಿದ ಹಾಗೆ.
ಆಮೇಲೆ ಹೋಗೋದು ಮಣ್ಣೇ ಆಗಿದ್ದ ನೀರು.
ಅದೂ ಹೋಯಿತೋ, ಹುಡುಗಿ,
ಇನ್ನೆಷ್ಟು ನೆನೆಸಿದರೂ ಅದು ಕೆಸರಾಗೋದಿಲ್ಲ.

ಇಣುಕುಗಿಂಡಿಯ ಆಚೆ ಕಿರುಬೆರಳಷ್ಟು ಎತ್ತರದ
ಮೂರು ಮಣ್ಣಿನ ಶಂಕುಗಳು.
ಒಂದನೆಯದು ತಲೆ ತಗ್ಗಿಸಿದರೆ ಎಚ್ಚರ.
ಎರಡನೆಯದು ತನ್ನ ಕಾಲು ತಾನೇ ಮುಟ್ಟಿದರೆ ಸಾಕು, ಬೆಂಕಿ ಬಿಡು.
ಮೂರನೆಯದೂ ಬಾಗಿದರೆ
ಆ ವಾರದ ಕೂಲಿಯ ಆಸೆಯನ್ನೂ ಬಿಡು.
ಬಾಗಿದವನ್ನು ಅವನು ಜೇಬಿನಲ್ಲಿ ತರುತ್ತಿದ್ದ.
ಕಿಟಕಿಯ ಕಟ್ಟೆಯ ಮೇಲೆ ಅವು ಹೆಟ್ಟಿಯ ಗೊಂಬೆಗಳು:
ಬಿದ್ದ ಸೂಜಿ ಹುಡುಕುವ ಮುದುಕಿಯರು.

ಹದಿನೈದಕ್ಕೆ ಅವಳೂ ಸೇರಿದಳು, ಕುಂಚದ ಸಾಲಿಗೆ.
ಬಳಿಯುವಾಗ ಚಿನ್ನವೆಂದರೆ ಕಂದು ರಾಡಿ,
ಕಡುನೀಲಿಯೆಂದರೆ ಒಲೆಯ ಬೂದಿ.
ಇನ್ನೂ ಇಲ್ಲದ ಬಣ್ಣವನ್ನು ನಂಬಿ ಕೈಯಾಡಿಸಬೇಕು.
ಪಕ್ಕದ ಕೋಣೆಯಲ್ಲಿ ಚಕ್ರದ ಮುಂದೆ ಕೂತವರು
ಬಟ್ಟಲನ್ನು ದೊಡ್ಡದಾಗಿಯೇ ಎತ್ತುತ್ತಿದ್ದರು,
ಎಂಟರಲ್ಲೊಂದು ಪಾಲು
ಬೆಂಕಿಯ ಲೆಕ್ಕಕ್ಕೆ ಮೊದಲೇ ಬರೆದಿಟ್ಟು.

ಅಪ್ಪನಿಗೆ ಹಾಗೆ ಯಾರೂ ಬರೆದಿಟ್ಟಿರಲಿಲ್ಲ.
ಐವತ್ತೆಂಟರ ಚಳಿಗಾಲ. ಎದೆಯಲ್ಲಿ
ಹುಡುಗನಾಗಿದ್ದಾಗ ಉಸಿರಾಡಿದ ಚಕಮಕಿ ಕಲ್ಲಿನ ಧೂಳು.
ಕೋಟು ಅವನದೇ; ತೋಳು ಬೆರಳ ತುದಿ ದಾಟಿತ್ತು.
ಹೆಟ್ಟಿ ಎರಡಂಗುಲ ಮಡಿಸಿ ಹೊಲಿದಳು.
‘ನಿಮ್ಮ ಮೇಷ್ಟ್ರು ಏನಂದಿದ್ದರು?’
ಕೇಳಿದ, ಕೆಮ್ಮಿನ ಮಧ್ಯೆ ನಗುತ್ತ.
ಅವಳು ಹಲ್ಲಿನಿಂದ ದಾರ ಕಡಿದಳು.

ಹೊಗೆಗೆ ಕಾನೂನು ಬಂತು, ಗೂಡುಗಳು ಆರಿದವು,
ಒಂದರೊಳಗೆ ಪಾರಿವಾಳ, ಒಂದರ ಜಾಗದಲ್ಲಿ ಕಾರು.
ಹೆಟ್ಟಿಯ ಚಹಾ ಮಾತ್ರ ಈಗಲೂ ಆ ಸೊಟ್ಟ ಬಟ್ಟಲಲ್ಲೇ,
ಮೂರನೆಯದೂ ಬಾಗಿದ ವಾರದ್ದು.
ಅರ್ಧಕ್ಕರ್ಧ ಎತ್ತಿನ ಮೂಳೆಯ ಬೂದಿ; ಬೆಳಕಿಗೆ ಹಿಡಿದರೆ
ಆಚೆ ಬದಿಯ ನಾಲ್ಕು ಬೆರಳೂ ಕಾಣುತ್ತವೆ.
ತಳ ಸರಿಯಾಗಿ ಕೂರುವುದಿಲ್ಲ. ಬಸ್ಸು ಹೋದಾಗಲೆಲ್ಲ
ತಟ್ಟೆಯ ಮೇಲೆ ಕಟಕಟ ಎನ್ನುತ್ತದೆ.
ಅಂಗೈಯೊತ್ತಿ ಹಿಡಿಯುತ್ತಾಳೆ,
ಬಸ್ಸು ತಿರುವು ದಾಟುವವರೆಗೆ.