ಸೊನ್ನೆ ಉದುರದ ಹಾಗೆ

ಚಿತ್ರ ಅಂದರೆ ಏನಂತ ಮಷೀನಿಗೆ ಗೊತ್ತಿಲ್ಲ.
ಅದಕ್ಕೆ ಗೊತ್ತಿರುವುದು ಗೆರೆ.
ಕೆಂಪಾದರೆ ಕೊಯ್ಯಿ,
ಕಪ್ಪು ತುಂಬಿದ್ದರೆ ಸುಡು, ತೂತು ಮಾಡಬೇಡ.
ಬೂದು ಬಣ್ಣ ಕಂಡರೆ
ಅನ್ನದಲ್ಲಿ ಕಲ್ಲು ಕಚ್ಚಿದವರ ಹಾಗೆ ನಿಂತುಬಿಡುತ್ತದೆ.

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನ ಹಿಂದೆ, ಮೊಬೈಲ್ ಅಂಗಡಿಯ ಮೇಲೆ
ಹತ್ತಡಿ ಕೋಣೆಯಲ್ಲಿ ನನ್ನ ಕೆಲಸ ಇಷ್ಟೇ:
ಊರವರು ವಾಟ್ಸಾಪಿನಲ್ಲಿ ಕಳಿಸಿದ ನವಿಲು, ತೆಂಗಿನಮರ, ಜೋಡಿ ಹೃದಯಗಳ
ನೆರಳು ತೆಗೆಯುವುದು,
ಎರಡೆರಡು ಬಿದ್ದ ಗೆರೆಯಲ್ಲಿ ಒಂದನ್ನು ಅಳಿಸುವುದು
(ಬಿಟ್ಟರೆ ಅಲ್ಲೇ ಎರಡು ಸಲ ಸುಟ್ಟು
ಪ್ಲೈವುಡ್ಡು ಸೀದ ದೋಸೆಯ ಅಂಚಾಗುತ್ತದೆ),
ಬಾಯಿ ಕೂಡದ ಗೆರೆಗಳನ್ನು ಹುಡುಕಿ ಕೂಡಿಸುವುದು.

ದೂಮಣ್ಣ ತಿಂಗಳಾಯರು ಬಂದದ್ದು ಶನಿವಾರ, ಊಟದ ಹೊತ್ತಿಗೆ.
ಮಲ್ಪೆಯ ಬೋಟುಗಳ ಮೂಗಿನ ಮೇಲೆ
ನಲವತ್ತು ವರ್ಷ ಹೆಸರು ಬರೆದ ಕೈ
ಕಿಸೆಯೊಳಗೇ ಇತ್ತು.
ಇನ್ನೊಂದರಲ್ಲಿ ಸುರುಳಿ ಸುತ್ತಿದ ಪಿವಿಸಿ ಹಾಳೆ.
"ಇದರಲ್ಲಿ ಅಚ್ಚು ಕೊಯ್ದು ಕೊಡು. ಸ್ಪ್ರೇ ಹೊಡೆದರೆ ಆಯ್ತು."
ಇದು ಆಗುವುದಿಲ್ಲ, ಸುಟ್ಟರೆ ವಿಷದ ಹೊಗೆ,
ಮಷೀನಿಗೂ ತುಕ್ಕು, ಅಂದೆ.
"ಹಾಗಾದರೆ ಎಂತದ್ದು ಆಗ್ತದೋ ಅದು."

ಬೋಟಿನ ಹೆಸರು ಸುಗಂಧಿ.
"ಧನಿಗಳ ಅಮ್ಮನ ಹೆಸರು, ನಗಬೇಡ.
ಪಕ್ಕದಲ್ಲಿ ಒಂದು ಬಂಗುಡೆ ಬೇಕು."

ಹುಡುಕಿದೆ. ಸಿಕ್ಕಿದ ಮೀನಿಗೆ ರೆಪ್ಪೆ ಇತ್ತು,
ಬಾಯಿಂದ ಮೂರು ಗುಳ್ಳೆ, ಮುಖದಲ್ಲಿ ನಗು.
ಕನ್ನಡಕ ಏರಿಸಿದರು ದೂಮಣ್ಣ.
"ಉಂದು ಬಂಗುಡೆ ಅತ್ತ್ ಮಗಾ.
ಮೀನು ಎಲ್ಲಿಯಾದರೂ ನಗ್ತದಾ?"
ನಗು ಅಳಿಸಿದೆ. ರೆಪ್ಪೆ. ಗುಳ್ಳೆ.
"ಬೆನ್ನು ಇಷ್ಟು ಗುಂಡಾದರೆ ಅದು ಮಾಂಜಿ."
ಎಳೆದು ಚಪ್ಪಟೆ ಮಾಡಿದೆ.
"ಬಾಲದ ಹತ್ತಿರ ಸಣ್ಣ ರೆಕ್ಕೆ ಬರಬೇಕು. ಐದು.
ತಿನ್ನುವಾಗ ನೋಡಲಿಲ್ಲವಾ ನೀನು?"
ನೋಡಿರಲಿಲ್ಲ.
"ಪೆನ್ನು ಕೊಡು."

ಆಗ ಕೈ ಹೊರಗೆ ಬಂತು.
ನನ್ನ ಕರೆಂಟು ಬಿಲ್ಲಿನ ಹಿಂದೆ
ಬಂಗುಡೆ ಒಂದೇ ಎಳೆತಕ್ಕೆ ಬಂತು, ಉದ್ದಕ್ಕೂ ನಡುಗುತ್ತ,
ಐಸಿನ ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಹಾಗೆ.

ಸ್ಕ್ಯಾನ್ ಮಾಡಿ ಗೆರೆಗೆ ಇಳಿಸಿದರೆ
ಬಿಂದುಗಳು ಸಾವಿರದ ನೂರ ಹನ್ನೆರಡು.
ಒಂದು ಬಂಗುಡೆಗೆ ನಲವತ್ತು ಧಾರಾಳ.
ನಯ ಮಾಡಲಿಕ್ಕೆ ಒಂದು ಗುಂಡಿ ಉಂಟು. ಒತ್ತಲಿಲ್ಲ, ಕೇಳಿದೆ.
"ಒತ್ತು. ನಡುಕಕ್ಕೆ ಧನಿ ದುಡ್ಡು ಕೊಡುವುದಿಲ್ಲ."
ಒತ್ತಿದೆ.
ಪರದೆಯನ್ನು ಅವರು ನೋಡಿದರು,
ಗುರುತಿನವರು ಬಸ್ಸಿನ ಕಿಟಕಿಯಲ್ಲಿ ಹೋದ ಹಾಗೆ.

ಆಮೇಲೆ ಅಕ್ಷರ.
ಕನ್ನಡ ಕೊಯ್ಯುವುದು ಕಷ್ಟ, ನಮ್ಮ ಲಿಪಿಗೆ ಹೊಟ್ಟೆ ಜಾಸ್ತಿ.
ಸೊನ್ನೆ ಕೊಯ್ದರೆ ಒಳಗಿನ ಬಿಲ್ಲೆ ಉದುರಿ ಬರೀ ಬೊಟ್ಟು.
ಗುಡಿಸಿನ ಒಳಗೂ ಅದೇ ಕತೆ, ಮೀನಿನ ಕಣ್ಣಿಗೂ ಅದೇ.
ಎರಡು ಮಿಲ್ಲಿಮೀಟರ್ ಕೊಯ್ಯದೆ ಸೇತುವೆ ಬಿಡಬೇಕು.
ನಾನು ಎಲ್ಲಕ್ಕೂ ನೆಟ್ಟಗೆ ನಡುವಿಗೆ ಬಿಟ್ಟಿದ್ದೆ.
"ಅಲ್ಲಿ ಬೇಡ," ಪರದೆಗೆ ಬೆರಳು ತಾಗಿಸಿದರು,
"ಬ್ರಶ್ಶು ಎತ್ತುವುದು ಇಲ್ಲಿ. ಇಲ್ಲಿ ಬಿಟ್ಟರೆ ಕಾಣುವುದೇ ಇಲ್ಲ."
ಬೆರಳು ಅಲ್ಲಾಡುತ್ತಿತ್ತು, ಜಾಗ ಅಲ್ಲಾಡಲಿಲ್ಲ.
"ಧಕ್ಕೆ ಹೊಟ್ಟೆ ಸೀಳಿದ್ದೀಯಾ?"
ಸೀಳಿದ್ದೇನೆ.
"ಮೀನಿಗೆ?"
ಇಲ್ಲ.
"ಹಾಂ."

ಹನ್ನೊಂದು ನಿಮಿಷ, ನಡುವೆ ಒಮ್ಮೆ ಕರೆಂಟು ಹೋದದ್ದು ಬಿಟ್ಟು.
ಮೈಲಾರ್ ಹಾಳೆಯನ್ನು ಕಿಟಕಿಗೆ ಹಿಡಿದರು.
ಸುಗಂಧಿಯ ಒಳಗಿಂದ
ಮಲ್ಪೆಯ ಬಸ್ಸು ತುಂಡು ತುಂಡಾಗಿ ದಾಟಿತು.
ಸೊನ್ನೆ ಉದುರಲಿಲ್ಲ.
ಮುನ್ನೂರು ಅಂದೆ, ಇನ್ನೂರೈವತ್ತು ಕೊಟ್ಟರು,
ಕೈ ಮತ್ತೆ ಕಿಸೆಗೆ.

ಅವರು ಒಯ್ದದ್ದು ತೂತು.
ಬಂಗುಡೆ ನನ್ನ ಜಾಲರಿಯ ಕೆಳಗೆ ಬಿದ್ದಿತ್ತು.
ಸಂಜೆ ಟ್ರೇ ಎಳೆದು
ರೆಕ್ಕೆಗಳನ್ನು ಒಂದೊಂದೇ ಹೆಕ್ಕಿದೆ, ಉಗುರಿನ ತುದಿಯಷ್ಟು.
ನಾಲ್ಕು ಸಿಕ್ಕಿತು.
ಗುಡಿಸುವುದನ್ನು ನಾಳೆಗೆ ಇಟ್ಟೆ.